ಆಷಾಢದಾಗ ಬರ್ರಿ

ಮೂವತ್ತೊಂದು ವರ್ಷ ನಾನು ಮಂದಿ ಮುಖದ ಗೆರೆ ಅಳಿಸೀನಿ.
ಮೊದಲು ನೆಗೆಟಿವ್ ಮ್ಯಾಲೆ,
ಪೆನ್ಸಿಲ್ ಸೂಜಿ ಹಂಗ ಚೂಪು ಮಾಡಿ,
ಈಗ ಮೌಸ್ ಹಿಡದು.
ವಿಜಯಪುರದ ಗಾಂಧಿ ಚೌಕದ ಹಿಂದ, ಸ್ಟುಡಿಯೋದ ಒಳಗಿನ ಖೋಲ್ಯಾಗ
ಎಷ್ಟು ಬೀಗರು, ಎಷ್ಟು ಕಾರ್ಪೊರೇಟರು
ಹತ್ತು ವರ್ಷ ಕಳಕೊಂಡು ಹೊರಗ ಹೋದ್ರು.
ಒಬ್ಬರಿಗೂ ನೋವಾಗಲಿಲ್ಲ.

ನನ್ನ ಹುಬ್ಬಿನ ನಡುವ ಮಾತ್ರ ಎರಡು ಗೆರೆ ನಿಂತಾವ,
ಹನ್ನೊಂದು ಅಂತ ಯಾರೋ ಬರದಂಗ.
"ಗೌರಾಬಾಯಿ, ಸಿಟ್ಟಾಗೀರೇನು?" ಅಂತಾರ ಬಂದವರೆಲ್ಲ.
ಇಲ್ಲರೀ, ಮಾರಿನ ಹಂಗೈತಿ.

ತಂಗಿ ಮಗನ ಲಗ್ನ ಇಂಡ್ಯಾಗ, ಬರೂ ಐತವಾರ.
ಬಾಜೂ ಪಾರ್ಲರಿನ ಮಹಾನಂದಾ ಬಾಗಿಲಿಗೆ ಬಂದ್ಲು:
"ನಾಳೆ ಸೋಲಾಪುರದಿಂದ ಒಬ್ಬ ಹುಡುಗ ಬರತಾನ್ರಿ, ಸುಕ್ಕಿನ ಇಂಜೆಕ್ಷನ್ ಹಾಕಾಂವ.
ಹತ್ತು ನಿಮಿಷ. ನಾಕು ಮಂದಿ ಕೂಡಿದ್ರ ಅರ್ಧ ರೇಟು."
"ಡಾಕ್ಟರೇನು?"
"ಕೈ ಭಾಳ ಹಗುರ ಐತ್ರಿ ಅವಂದು."
ನಾ ಕೇಳಿದ್ದಕ್ಕ ಅದು ಉತ್ತರ ಅಲ್ಲ.
ಆದ್ರೂ ರೊಕ್ಕ ಎಣಿಸಿ ಪರ್ಸಿನ್ಯಾಗ ಇಟ್ಟೆ, ಸುಳ್ಳ್ಯಾಕ ಹೇಳ್ಲಿ.

ಅವತ್ತ ಸಂಜಿಗೆ ಒಬ್ಬಾಕಿ ಬಂದ್ಲು
ಸೆರಗಿನ್ಯಾಗ ಪೆನ್‌ಡ್ರೈವ್ ಗಂಟು ಹಾಕ್ಕೊಂಡು.
ಮಗಳ ಲಗ್ನದ ಫೋಟೋ, ಇನ್ನೂರ ಹದಿನಾರು.
ಎಲ್ಲದ್ರಾಗೂ ಆಕಿ ಎಡಗಣ್ಣಿನ ರೆಪ್ಪಿ
ಅರ್ಧ ಇಳಿಸಿದ ಅಂಗಡಿ ಶಟರ್.
"ಎರಡೂ ಸಮ ಮಾಡ್ರಿ."
ನಾ ಕೇಳಲಿಲ್ಲ, ತಾನ ಹೇಳಿದ್ಲು:
ಲಗ್ನ ಐದು ದಿನ ಇದ್ದಾಗ, ಯಾವುದೋ ಪಾರ್ಲರಿನ್ಯಾಗ.
"ಏರತೈತಂತ್ರಿ, ತಿಂಗಳು ಎರಡು ತಿಂಗಳಿನ್ಯಾಗ."
ರೆಪ್ಪಿ ಏರತೈತಿ.
ಆಲ್ಬಮ್?

ಬಲಗಣ್ಣು ಕತ್ತರಿಸಿ, ತಿರುವಿ, ಎಡಕ್ಕ ಹಚ್ಚಿದೆ,
ಇನ್ನೂರ ಹದಿನಾರು ಸಲ.
ಪರ್ಸಿನ ಕಡೆ ನೋಡಲಿಲ್ಲ.

ಮರುದಿನ ಅಥಣಿ ರೋಡಿಗೆ ಹೋದೆ. ಚರ್ಮದ ಡಾಕ್ಟರು, ನಸೀಮಾ ಇನಾಮದಾರ.
ಗ್ವಾಡಿ ಮ್ಯಾಲೆ ಡಿಗ್ರಿ, ಕೆಳಗ ನೋಂದಣಿ ನಂಬರು.
ಬರಕೊಂಡೆ. ಅವರು ನಕ್ರು: "ಛಲೋ ಆತು, ಹುಡುಕಿ ನೋಡ್ರಿ."
ಸೂಜಿ ಹೊರಗ ತಗೀಲಿಲ್ಲ. ಬರೇ ಕೇಳೂದು:
ರಕ್ತ ತಿಳಿ ಮಾಡೂ ಗುಳಿಗಿ ತಗೋತೀರೇನು?
ನರದ್ದು, ಸ್ನಾಯುವಿಂದು ಬ್ಯಾನಿ ಏನರೆ?
ಹಿಂದ ಹಾಕಿಸಿದ್ರೇನು, ಯಾವಾಗ?
ಇಷ್ಟು ವರ್ಷಕ್ಕ ಮೊದಲ ಸಲ
ಯಾರೋ ನನ್ನ ಮುಖಕ್ಕ ಬೆಳಕು ಹಿಡದು ನೋಡಿದ್ರು.

"ಒಮ್ಮೆ ಸಿಟ್ಟು ಮಾಡ್ರಿ."
ಮಾಡಾಕ ಬರಲಿಲ್ಲ, ನಗಿ ಬಂತು.
ಸೀಲ್ ಒಡಿಯದ ಶೀಸೆ ಕೈಗೆ ಕೊಟ್ರು:
"ತಾರೀಖು ಓದ್ರಿ. ಯಾರ ಹಂತ್ಯಾಕ ಹೋದ್ರೂ ಮೊದಲ ಇದು.
ನಿಮ್ಮ ಕಣ್ಣ ಮುಂದ ಒಡೀಬೇಕು."
ಸಾಸಿವಿಗಿಂತ ಸಣ್ಣ ಅಕ್ಷರ. ದೂರ ಹಿಡದೆ, ಹತ್ರ ಹಿಡದೆ,
ಹುಬ್ಬು ಗಂಟು ಬಿತ್ತು.
"ಹಾಂ, ಸಿಕ್ತು ನೋಡ್ರಿ," ಅಂದ್ರು ಡಾಕ್ಟರು,
"ಮೊದಲು ಕನ್ನಡಕದ ನಂಬರ್ ತಪಾಸ ಮಾಡಸ್ರಿ."

"ಐತವಾರಕ್ಕ?"
"ಆಗಂಗಿಲ್ರಿ. ಇದು ಪೌಡರ್ ಅಲ್ಲ, ಹಿಡಿಯಾಕ ಎರಡು ವಾರ.
ನೀಲಿಗಟ್ಟಿದ್ರ ಆರಾಕ ದಿನ ಬೇಕು,
ಹೆಚ್ಚುಕಡಿಮಿ ಆದ್ರ ಸರಿ ಮಾಡಾಕೂ ಬೇಕು.
ಲಗ್ನ ತಿಂಗಳಿದ್ದಾಗ ಬರಬೇಕಿತ್ತು.
ಈಗ ಮುಗಿಸ್ಕೊಂಡು ಆಷಾಢದಾಗ ಬರ್ರಿ. ಲಗ್ನಿಲ್ಲ, ಫೋಟೋ ಇಲ್ಲ.
ಬ್ಯಾಡ ಅನಿಸಿದ್ರ ಬರಬ್ಯಾಡ್ರಿ."
ಗಿರಾಕಿಗೆ ಬರಬ್ಯಾಡ ಅನ್ನೂ ಅಂಗಡಿ
ನಾ ಅವತ್ತ ನೋಡಿದ್ದು.

ಇಂಡ್ಯಾಗ ತಂಗಿಯ ಬೀಗ, ತಿಕೋಟಾದ ಮಣೂಕದ ವ್ಯಾಪಾರಿ,
ಊಟದ ಪಂಗತ್ಯಾಗ ಅಂದ:
"ದ್ರಾಕ್ಷಿ ಸುಕ್ಕಾದ್ರ ರೇಟ್ ಏರತೈತ್ರಿ ಬಾಯಾರ!"
ಎಲ್ಲಾರೂ ನಕ್ರು. ನಾನೂ ನಕ್ಕೆ.
ಅವನ ಕಿವಿ ಮ್ಯಾಲಿನ ತಲಿಬಣ್ಣದ ಕಲಿ
ಆಮ್ಯಾಲೆ ನಾನ ಅಳಿಸೀನಿ, ಹದಿನೆಂಟು ಫೋಟೋದಾಗ.

ಮಹಾನಂದಾ ಇನ್ನೂ ಮಾತಾಡವಲ್ಲಳು.
ಹೊಸ ಕನ್ನಡಕ ಬಂದೈತಿ.
ಹನ್ನೊಂದು ಹನ್ನೊಂದ ಐತಿ, ತುಸು ಸಡಿಲ.
ಕ್ಯಾಲೆಂಡರಿನ್ಯಾಗ ಆಷಾಢದ ಒಂದು ಸೋಮವಾರಕ್ಕ
ಗುರುತು ಹಾಕೀನಿ,
ನೆಗೆಟಿವ್ ಕಾಲದ ಅದ ಪೆನ್ಸಿಲ್ಲಿನಿಂದ,
ಬೇಕಂದ್ರ ಅಳಿಸಾಕ ಬರೂವಂಗ.